ಮುಳುಗಿದ ಹಡಗಿನ ಸುದ್ದಿ

(ಪೀಣ್ಯ ಎರಡನೇ ಹಂತದ ಸಣ್ಣ ವರ್ಕ್‌ಶಾಪ್. ಊಟದ ಬಿಡುವು, ಲೇತ್‌ಗಳು ನಿಂತಿವೆ. ದೊಡ್ಡಪ್ಪ ಇಲ್ಲಿ ಇನ್‌ಸ್ಪೆಕ್ಷನ್ ನೋಡಿಕೊಳ್ಳುತ್ತಾರೆ. ಚೈತ್ರಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸುದ್ದಿ ಆ್ಯಪ್ ಒಂದರಲ್ಲಿ ಕೆಲಸ.)

ದೊಡ್ಡಪ್ಪ: 2025ರ ಮೇ 8ರ ರಾತ್ರಿ ನಿಮ್ಮ ಆ್ಯಪ್ ಟಣ್ ಅಂತ ಎಬ್ಬಿಸಿತ್ತಲ್ಲಮ್ಮ. ನಮ್ಮ ವಿಮಾನವಾಹಕ ನೌಕೆ ವಿಕ್ರಾಂತ್ ಪಾಕಿಸ್ತಾನದ ಕರಾಚಿ ಬಂದರನ್ನೇ ಉಡಾಯಿಸಿತು ಅಂತ.

ಚೈತ್ರ: ನಾವೊಬ್ಬರೇನಾ? ಟಿವಿ ತುಂಬ ಅದೇ ಇತ್ತು ದೊಡ್ಡಪ್ಪ. ಕರಾಚಿ ಬಂದರಿನವರ ಎಕ್ಸ್ ಖಾತೆಯಲ್ಲೇ ಭಾರಿ ಹಾನಿ ಅಂತ ಬಂದಿತ್ತು. ಆಮೇಲೆ ಖಾತೆ ಹ್ಯಾಕ್ ಆಗಿತ್ತು ಅಂದರು. ಬಂದರಿನದು ಅಂತ ಓಡಾಡಿದ ಒಂದು ವಿಡಿಯೊ ನೋಡಿದರೆ ಅಮೆರಿಕದ ಫಿಲಡೆಲ್ಫಿಯಾದ ವಿಮಾನ ಅಪಘಾತದ್ದು!

ದೊಡ್ಡಪ್ಪ: ಮೇ 11ಕ್ಕೆ ನೌಕಾಪಡೆಯ ವೈಸ್ ಅಡ್ಮಿರಲ್ ಎ.ಎನ್. ಪ್ರಮೋದ್ ಹೇಳಿದ್ದೇನು? ಕರಾಚಿಯೂ ಸೇರಿ ಗುರಿಗಳನ್ನು ಹೊಡೆಯಲು ಸಜ್ಜಾಗಿದ್ದೆವು ಅಂತ. ಸಜ್ಜಾಗಿದ್ದೆವು ಅಂದರು, ಹೊಡೆದೆವು ಅನ್ನಲಿಲ್ಲ.

ಚೈತ್ರ: ಹಳೇ ಕಾಲದ ಪತ್ರಿಕೆಗಳೇನು ಹರಿಶ್ಚಂದ್ರನ ವಂಶದವೇ?

ದೊಡ್ಡಪ್ಪ: ಅಲ್ಲವೇ ಅಲ್ಲ. ಆದರೆ ಸಮುದ್ರದ ಕಥೆಯೇ ಬೇರೆ ಕಣಮ್ಮ. ಊರಿಗೆ ಬಾಂಬು ಬಿದ್ದರೆ ಊರವರು ನೋಡ್ತಾರೆ. ನಡುನೀರಲ್ಲಿ ನೋಡೋರು ಯಾರು? ಹೊಡೆದವನಿಗೆ ಮುಳುಗಿತೋ ಇಲ್ಲವೋ ಖಚಿತವಿರಲ್ಲ. ಕಳಕೊಂಡವನಿಗೆ ಗೊತ್ತಿರುತ್ತೆ, ಬಾಯಿ ಬಿಡಲ್ಲ. 1971ರ ಯುದ್ಧದಲ್ಲಿ ಆಗಿನ ಹಳೇ ವಿಕ್ರಾಂತನ್ನು ಹುಡುಕಿಕೊಂಡು ಬಂದ ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ವಿಶಾಖಪಟ್ಟಣದ ಹತ್ತಿರ ಮುಳುಗಿದ್ದು ಡಿಸೆಂಬರ್ 3ರ ನಡುರಾತ್ರಿ. ಮೀನುಗಾರರಿಗೆ ಅವಶೇಷ ಸಿಕ್ಕಿ, ಮುಳುಗುತಜ್ಞರು ಇಳಿದು ನೋಡಿ, ನಮ್ಮವರು ಪ್ರಕಟಿಸಿದ್ದು 9ಕ್ಕೆ. ಆ 9ರ ರಾತ್ರಿಯೇ ದೀವ್ ಬಳಿ ನಮ್ಮ ಯುದ್ಧನೌಕೆ ಖುಕ್ರಿ ಮುಳುಗಿ ಹೋಯಿತು. ಅದರ ಕ್ಯಾಪ್ಟನ್ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಪ್ರಾಣ ಕಳಕೊಂಡರು.

ಚೈತ್ರ: ನಾವಾದರೆ ಆರು ದಿನ ಕಾಯೋಕಾಗಲ್ಲ. ಆರು ನಿಮಿಷ ತಡವಾದರೂ ಓದುಗರು ಪಕ್ಕದ ಆ್ಯಪಿಗೆ ಹೋಗ್ತಾರೆ. ಅಷ್ಟಕ್ಕೂ ಶತ್ರುವಿನ ಹಡಗು ಮುಳುಗಿತು ಅನ್ನೋ ಸುಳ್ಳಿನಿಂದ ನಮ್ಮವರಿಗೆ ಧೈರ್ಯ ಬಂದರೆ ನಷ್ಟವೇನು?

ದೊಡ್ಡಪ್ಪ: ಜಪಾನಿನವರನ್ನು ಕೇಳು. 1944ರ ಅಕ್ಟೋಬರ್‌ನಲ್ಲಿ ತೈವಾನ್ ಹತ್ತಿರ ಕಾಳಗ. ಅಮೆರಿಕದ 11 ವಿಮಾನವಾಹಕ ನೌಕೆ ಮುಳುಗಿಸಿದೆವು ಅಂತ ಘೋಷಣೆ, ಪತ್ರಿಕೆಗಳಲ್ಲೆಲ್ಲ ಜಯಭೇರಿ. ಮುಳುಗಿದ್ದು ಒಂದೂ ಇಲ್ಲ! ಅನುಭವವಿಲ್ಲದ ಪೈಲಟ್‌ಗಳು ಕತ್ತಲಲ್ಲಿ ಉರಿದು ಬೀಳ್ತಿದ್ದ ತಮ್ಮದೇ ವಿಮಾನಗಳನ್ನು ನೋಡಿ ಶತ್ರುವಿನ ಹಡಗು ಹೊತ್ತಿಕೊಂಡಿತು ಅಂದುಕೊಂಡಿದ್ದರು. ಆಮೇಲೆ ನೌಕಾಪಡೆಗೆ ಸತ್ಯ ಗೊತ್ತಾಯಿತು, ಭೂಸೇನೆಗೆ ಹೇಳಲಿಲ್ಲ. ಅವರು ಆ ಲೆಕ್ಕ ನಂಬಿ ಫಿಲಿಪ್ಪೀನ್ಸ್‌ನ ಲೇಟೆ ದ್ವೀಪಕ್ಕೆ ಸೈನಿಕರನ್ನು ಕಳಿಸಿದರು. ಧೈರ್ಯದ ಬೆಲೆ ತೆತ್ತವರು ಆ ಹುಡುಗರು.

(ಚೈತ್ರ ಮಾತಾಡಲಿಲ್ಲ. ದೊಡ್ಡಪ್ಪ ಮೇಜಿನ ಮೇಲಿದ್ದ ಹಿತ್ತಾಳೆ ಬುಷ್ ಒಂದನ್ನು ಎತ್ತಿದರು. ಅದಕ್ಕೆ ಹಳದಿ ಚೀಟಿ ಕಟ್ಟಿತ್ತು.)

ದೊಡ್ಡಪ್ಪ: ಇದು ಓಕೆಯೂ ಅಲ್ಲ, ರಿಜೆಕ್ಟೂ ಅಲ್ಲ. ಹೋಲ್ಡ್. ಒಳ ಅಳತೆ ಇನ್ನೊಂದು ಸಲ ನೋಡಬೇಕು. ಸುದ್ದಿಗೂ ಇಂಥ ಚೀಟಿ ಕಟ್ಟಿ. ಹೀಗಂತ ಇವರು ಹೇಳಿದ್ದಾರೆ, ನಮಗೆ ಖಾತ್ರಿಯಿಲ್ಲ ಅಂತ ಬರೆಯೋಕೆ ಏನು ಕಷ್ಟ?

ಚೈತ್ರ: ಹೋಲ್ಡ್ ಅಂತಲೇ ನಾಲ್ಕು ವರ್ಷ ಇಟ್ಟರೆ? 1914ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ಆಡೇಶಸ್ ಯುದ್ಧನೌಕೆ ಮೈನಿಗೆ ಸಿಕ್ಕಿ ಮುಳುಗಿತು. ಒಲಿಂಪಿಕ್ ಹಡಗಿನ ಪ್ರಯಾಣಿಕರು ಕಣ್ಣಾರೆ ನೋಡಿದ್ದರು, ಅಮೆರಿಕದ ಪತ್ರಿಕೆಗಳಲ್ಲಿ ಸುದ್ದಿ ಬಂತು. ಲಂಡನ್ ಒಪ್ಪಿಕೊಂಡಿದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ, 1918ರ ನವೆಂಬರ್‌ನಲ್ಲಿ. ಸರ್ಕಾರ ಹೇಳುವ ತನಕ ಕಾಯುತ್ತಾ ಕೂತರೆ ಅದರ ಮೌನವೇ ನಮ್ಮ ಪತ್ರಿಕೆ ಆಗಿಬಿಡುತ್ತೆ.

ದೊಡ್ಡಪ್ಪ: ಈ ಮಾತು ಒಪ್ಪಿದೆ. ಅದಕ್ಕೇ ಚೀಟಿ ಮೇಲೆ ಕಾರಣ, ತಾರೀಖು, ಸಹಿ ಮೂರೂ ಇರಬೇಕು. ಮಾಲನ್ನು ಮೇಜಿನ ಕೆಳಗೆ ತಳ್ಳಿದರೆ ಅದು ಹೋಲ್ಡ್ ಅಲ್ಲ, ಕಳ್ಳಾಟ.

ಚೈತ್ರ: ಸೆನ್ಸಾರ್ ಇದ್ದಾಗ ಚೀಟಿ ಕಟ್ಟೋಕೂ ಬಿಡಲ್ಲ.

ದೊಡ್ಡಪ್ಪ: ಆಗ ನೀವು ಸುಮ್ಮನಿರಬಹುದು, ಅದು ಬಲವಂತದ ಮೌನ. ಕರಾಚಿ ವಿಷಯದಲ್ಲಿ ನಿಮಗೆ ಯಾವ ಸೆನ್ಸಾರ್ ಬಲವಂತ ಮಾಡಿತ್ತು? ಯಾರೂ ಕೇಳದೇ ಬರೆದಿರಿ. ಅದಿರಲಿ, ತಪ್ಪು ಅಂತ ತಿಳಿದ ಮೇಲೆ ಏನು ಮಾಡಿದಿರಿ?

ಚೈತ್ರ: ಸುದ್ದಿ ತೆಗೆದೆವು. ಮಾರನೇ ದಿನ ಕೆಳಗೊಂದು ಸಾಲಿನ ಸ್ಪಷ್ಟನೆ ಹಾಕಿದೆವು.

ದೊಡ್ಡಪ್ಪ: ಟಣ್ ಅಂತ ಸದ್ದು ಮಾಡಿತಾ?

ಚೈತ್ರ: ಇಲ್ಲ. ತಿದ್ದುಪಡಿಗೆ ನೋಟಿಫಿಕೇಶನ್ ಕಳಿಸೋ ಪದ್ಧತಿ ಇಲ್ಲ.

ದೊಡ್ಡಪ್ಪ: ಹಾಗಾದರೆ ಸೋಮವಾರ ಹೋಗಿ ಮೊದಲು ಅದನ್ನು ಮಾಡಿಸು. ಸುಳ್ಳಿಗೆ ಎಬ್ಬಿಸಿದವರನ್ನು ನಿಜಕ್ಕೂ ಎಬ್ಬಿಸಿ.