ಅಮ್ಮನ ಒಲೆ ಎಲ್ಲಿ?

ಮೈಸೂರಿನ ನಮ್ಮ ಮನೆಯ ಹಿತ್ತಿಲಲ್ಲಿ ಹಳೆಯ ಔಟ್‌ಹೌಸ್ ಒಂದಿದೆ. ಹಿಂದಿನ ಮಾಲೀಕರು ಬಾಡಿಗೆಗೆಂದು ಕಟ್ಟಿಸಿದ್ದು. ನಾವು ಕೊಂಡ ಮೇಲೆ ಹಳೆ ಸೈಕಲ್ಲು, ಪೇಂಟಿನ ಡಬ್ಬ, ಕಾಲು ಮುರಿದ ಕುರ್ಚಿಗಳು ಅಲ್ಲಿ ಸೇರಿಕೊಂಡವು. ಅಪ್ಪ ತೀರಿಹೋದ ಮೇಲೆ ಅಮ್ಮ ತೀರ್ಥಹಳ್ಳಿ ಕಡೆಯ ಊರಿನ ಮನೆಯಲ್ಲಿ ಒಬ್ಬಳೇ. ಔಟ್‌ಹೌಸನ್ನು ಸರಿಮಾಡಿಸಿ ಅವಳಿಗೊಂದು ಪೋರ್ಷನ್ ಮಾಡಿದರೆ ಹೇಗೆ ಎಂದು ಒಂದು ವರ್ಷದಿಂದ ನಾನೂ ನನ್ನವರೂ ಯೋಚಿಸುತ್ತಿದ್ದೇವೆ. ಕಳೆದ ಮಳೆಗಾಲ ಅಮ್ಮ ಬಂದಿದ್ದಾಗ ಎಂಜಿನಿಯರ್ 300 ಚದರಡಿಯ ನಕ್ಷೆ ತಂದುಕೊಟ್ಟರು. ಅಮ್ಮ ಕನ್ನಡಕ ಹಾಕಿಕೊಂಡು ಮಂಚ, ಬಚ್ಚಲು, ಕಿಟಕಿ ಎಲ್ಲದರ ಮೇಲೂ ಬೆರಳಿಟ್ಟು ನೋಡಿದಳು. ಆಮೇಲೆ, "ಒಲೆ ಎಲ್ಲಿ ಬರ್ತದೆ?" ಎಂದು ಕೇಳಿದಳು.

"ಒಲೆ ಯಾಕಮ್ಮ? ಊಟ ತಿಂಡಿ ಎಲ್ಲ ನಮ್ಮ ಜೊತೆನೇ ಅಲ್ವಾ?" ಎಂದೆ. ಅವಳು ನಕ್ಷೆಯನ್ನು ಮಡಚಿ ನನ್ನ ಕೈಗೆ ಕೊಟ್ಟಳು. ಮತ್ತೆ ಮಾತಾಡಲಿಲ್ಲ.

ಪ್ರೀತಿಯಿಂದಲೇ ಆಡಿದ ಆ ಮಾತಿನಲ್ಲಿ ಏನು ತಪ್ಪಿತ್ತು ಎಂದು ಅರಿವಾಗಲು ನನಗೆ ಬಹಳ ದಿನ ಬೇಕಾಯಿತು.

ಹೆತ್ತವರಿಗೆ ಬೇರೆ ಪೋರ್ಷನ್ ಎಂದರೆ ನಮ್ಮ ಮನಸ್ಸು ಮೊದಲು ಅಳುಕುತ್ತದೆ. ಪೋರ್ಷನ್ ಎಂದರೆ ಪಾಲು. ಪಾಲು ಎಂದರೆ ಒಡಕು. ಬೇರೆ ಹೋದರು, ಒಲೆ ಬೇರೆಯಾಯಿತು ಎಂದು ಊರಿನಲ್ಲಿ ದನಿ ತಗ್ಗಿಸಿ ಹೇಳುತ್ತಾರೆ. ಸರ್ಕಾರದ ಲೆಕ್ಕವೂ ಹಾಗೆಯೇ: ನಮ್ಮ ಜನಗಣತಿ ಕುಟುಂಬವನ್ನು ಗುರುತಿಸುವುದು ಗೋಡೆಯಿಂದಲ್ಲ, ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಾರೆಯೇ ಎಂಬುದರಿಂದ. ಹಿತ್ತಿಲಲ್ಲಿ ಇನ್ನೊಂದು ಒಲೆ ಹೊತ್ತಿದರೆ ಗಣತಿಯ ಪಟ್ಟಿಯಲ್ಲಿ ನಾನೂ ಅಮ್ಮನೂ ಎರಡು ಸಂಸಾರ.

ಆದರೆ ಗಣತಿಗಿಂತ ಹಳೆಯದಾದ ನ್ಯಾಯದ ಬುದ್ಧಿ ಹೀಗೆ ಅವಸರಪಡುವುದಿಲ್ಲ. ಅವಿಭಕ್ತ ಕುಟುಂಬದ ಆಸ್ತಿಯ ವಿಚಾರದಲ್ಲಿ ಭಾರತದ ಬಹುಭಾಗಕ್ಕೆ ಆಧಾರವಾದ ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಆ ಪರಂಪರೆಯ ವ್ಯಾಜ್ಯಗಳಲ್ಲಿ ಊಟ ಬೇರೆ, ಪೂಜೆ ಬೇರೆ ಎಂಬುದು ಪಾಲಾಗಿದ್ದಕ್ಕೆ ಒಂದು ಗುರುತು ನಿಜ. ಆದರೂ ಒಲೆ ಬೇರೆಯಾದ ಮಾತ್ರಕ್ಕೆ ಮನೆ ಒಡೆದಿದೆ ಎಂದಾಗುವುದಿಲ್ಲ, ಒಡೆಯುವ ಮನಸ್ಸು ಇತ್ತೇ ಎಂಬುದನ್ನು ನೋಡಬೇಕು ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಹಾಗಾಗಿ ಎರಡು ಒಲೆ ಎಂದೊಡನೆ ಹೆದರಬೇಕಾಗಿಲ್ಲ. ಆ ಒಲೆಯನ್ನು ಯಾವ ಮನಸ್ಸಿನಿಂದ ಹೂಡುತ್ತಿದ್ದೇವೆ ಎಂಬುದೇ ಪ್ರಶ್ನೆ.

ಹೆತ್ತವರಿಗೆ ಬೇರೆ ಬಿಡಾರ ಎನ್ನುವುದು ಇಂದಿನವರು ಕಂಡುಹಿಡಿದದ್ದೇನಲ್ಲ. ಜರ್ಮನ್ ಭಾಷೆಯಾಡುವ ನಾಡುಗಳ ರೈತರು ಹೊಲವನ್ನು ಮಗನಿಗೆ ಬಿಟ್ಟುಕೊಡುವಾಗ ತಮಗೊಂದು ವಾಸದ ಜಾಗ, ಇಷ್ಟು ಸೌದೆ, ಇಷ್ಟು ಹಾಲು ಎಂದು ಪತ್ರದಲ್ಲಿ ಬರೆಸಿಕೊಳ್ಳುತ್ತಿದ್ದರು. ಜಪಾನಿನಲ್ಲಿ ಯಜಮಾನಿಕೆ ಬಿಟ್ಟ ಹಿರಿಯರು ಅದೇ ಅಂಗಳದ ಚಿಕ್ಕ ಮನೆಗೆ ಹೋಗುವ 'ಇನ್‌ಕ್ಯೊ' ಎಂಬ ಪದ್ಧತಿ ಇತ್ತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಿತ್ತಿಲ ಇಂಥ ಮನೆಗೆ 'ಇನ್-ಲಾ ಯೂನಿಟ್' ಎನ್ನುತ್ತಾರೆ. ಅದನ್ನು ಕಟ್ಟಲು ಇದ್ದ ನಿರ್ಬಂಧಗಳನ್ನು ಅಲ್ಲಿನ ಸರ್ಕಾರ 2017ರಿಂದ ಹಂತಹಂತವಾಗಿ ಸಡಿಲಿಸಿದೆ. ಊರಿನಿಂದ ಆರಾರು ತಿಂಗಳಿಗೆ ಬರುವ ಅಪ್ಪ ಅಮ್ಮನನ್ನು ನೆನೆದು ಅಲ್ಲಿನ ಕನ್ನಡಿಗರೂ ಇದೇ ಲೆಕ್ಕಾಚಾರದಲ್ಲಿ ಕೂರುತ್ತಾರೆ. ಇಂಥ ಮನೆಗಳ ಬಗೆಗಿನ ಅಲ್ಲಿನ ಕಾನೂನಿನ ಒಂದು ಅಂಶ ನನ್ನನ್ನು ಹಿಡಿದು ನಿಲ್ಲಿಸಿತು: ಮಲಗಲು, ಉಣ್ಣಲು, ಬಚ್ಚಲಿಗೆ ಜಾಗವಿದ್ದರೆ ಸಾಲದು, ಅಡುಗೆ ಮಾಡುವ ಕಾಯಂ ವ್ಯವಸ್ಥೆಯೂ ಇರಬೇಕು. ಅಮ್ಮ ನಕ್ಷೆಯಲ್ಲಿ ಹುಡುಕಿದ್ದು ಅದನ್ನೇ.

ಪೋರ್ಷನ್ ಪರವಾಗಿ ಎಲ್ಲರೂ ಕೊಡುವ ಕಾರಣ ಏಕಾಂತ. ಅವರಿಗೆ ಅವರ ಪಾಡು, ನಮಗೆ ನಮ್ಮ ಪಾಡು. ಟಿವಿಯ ಸದ್ದಿಗೆ ಜಗಳವಿಲ್ಲ, ಬಚ್ಚಲಿಗೆ ಕಾಯಬೇಕಿಲ್ಲ. ಇದು ನಿಜವಾದ ಕಾರಣವೇ, ಅಲ್ಲಗಳೆಯುವುದಿಲ್ಲ. ಆದರೆ ಏಕಾಂತಕ್ಕೆ ಒಂದು ರೂಮು ಸಾಕು. ಒಲೆ ಯಾಕೆ ಬೇಕು ಎಂಬುದಕ್ಕೆ ಅದು ಉತ್ತರವಲ್ಲ.

ಉತ್ತರ ಸಿಕ್ಕಿದ್ದು ಒಂದು ಮಧ್ಯಾಹ್ನ. ಅಮ್ಮನ ಊರಿನವರೊಬ್ಬರು ಮೈಸೂರಿಗೆ ಬಂದವರು ಅವಳನ್ನು ನೋಡಿಹೋಗಲು ಬಂದರು. ನಾನು ಒಳಗೆ ಲ್ಯಾಪ್‌ಟಾಪ್ ಹಿಡಿದು ಮೀಟಿಂಗಿನಲ್ಲಿದ್ದೆ. ಅಮ್ಮ ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋದಳು. ಅಲ್ಲೇ ನಿಂತಳು. ಅಡುಗೆಯವಳು ಆಗಷ್ಟೇ ಕಟ್ಟೆ ಒರೆಸಿ ಹೋಗಿದ್ದಳು. ಹಾಲಿನ ಪ್ಯಾಕೆಟ್ಟು ಫ್ರಿಜ್ಜಿನಲ್ಲಿ ಒಂದೇ ಇತ್ತು, ಸಂಜೆ ಮಕ್ಕಳಿಗೆ ಬೇಕಾಗುತ್ತದೆಂದು ಅಮ್ಮನಿಗೆ ಗೊತ್ತು. ನನ್ನ ಕೋಣೆಗೆ ಇಣುಕಿ, ದನಿ ತಗ್ಗಿಸಿ, "ಒಂದು ಲೋಟ ಕಾಫಿ ಮಾಡ್ಲಾ?" ಎಂದು ಕೇಳಿದಳು. ಅಡಿಕೆ ಕೊಯ್ಲಿನ ದಿನಗಳಲ್ಲಿ ಇಪ್ಪತ್ತು ಆಳಿಗೆ ಯಾರ ಅಪ್ಪಣೆಯೂ ಇಲ್ಲದೆ ಬಡಿಸಿದ ಕೈ ಅದು. ಒಂದು ಲೋಟ ಕಾಫಿಗೆ ಮಗಳನ್ನು ಕೇಳಿತು.

ನಾವು ಯಾರೂ ಅವಳಿಗೆ ಬೇಡ ಅಂದಿರಲಿಲ್ಲ. ಅವಳು ಕೇಳಿದ್ದು ಹೆದರಿಕೆಯಿಂದಲ್ಲ, ಮರ್ಯಾದೆಯಿಂದ. ಅದು ಇನ್ನೊಬ್ಬರ ಅಡುಗೆಮನೆ ಎಂದು ಅವಳಿಗೆ ಗೊತ್ತಿತ್ತು. ಮಗಳ ಮನೆಯಾದ್ದರಿಂದ ಇನ್ನೂ ಹೆಚ್ಚು ಗೊತ್ತಿತ್ತು. ಅಳಿಯನ ಮನೆಯಲ್ಲಿ ಅವಳು ಎಷ್ಟು ವರ್ಷ ಇದ್ದರೂ ಬೀಗಗಿತ್ತಿ, ಅತಿಥಿ. ಅತಿಥಿಗೆ ಮಣೆ, ಮೊದಲ ತುತ್ತು, ಒಳ್ಳೆಯ ಹಾಸಿಗೆ ಎಲ್ಲವೂ ಸಿಗುತ್ತದೆ. ಅತಿಥಿಗೆ ದಕ್ಕದ್ದು ಒಂದೇ, ಅತಿಥಿಯನ್ನು ಕರೆಯುವ ಅಧಿಕಾರ. ಮುಪ್ಪಿನಲ್ಲಿ ಮನುಷ್ಯ ಕಳೆದುಕೊಳ್ಳುವುದರಲ್ಲಿ ಕಣ್ಣು, ಮಂಡಿ, ಸಂಗಾತಿಯ ಜೊತೆಗೆ ಇದೂ ಸೇರಿದೆ: ಕೊಡುವವರ ಸಾಲಿನಿಂದ ಎದ್ದು ತೆಗೆದುಕೊಳ್ಳುವವರ ಸಾಲಿನಲ್ಲಿ ಕೂರಬೇಕಾಗುವುದು.

ಎರಡು ಪೀಳಿಗೆಯ ಮನೆಗಳ ನಡುವೆ ಎಷ್ಟು ದೂರವಿರಬೇಕು ಎಂದರೆ ಸೂಪು ಆರದಷ್ಟು ಎಂದು ಜಪಾನಿನಲ್ಲಿ ಹೇಳುತ್ತಾರೆ. ಸಾರು ಆರದಷ್ಟು ದೂರ, ಒಳ್ಳೆಯ ಅಳತೆ. ಆದರೆ ನಾನು ಅದನ್ನು ಓದುವಾಗಲೆಲ್ಲ ಸಾರಿನ ಪಾತ್ರೆ ನನ್ನ ಕೈಯಲ್ಲಿದೆ, ನಾನು ಅಮ್ಮನ ಕಡೆ ನಡೆಯುತ್ತಿದ್ದೇನೆ ಎಂದೇ ಊಹಿಸಿಕೊಂಡಿದ್ದೆ. ಪಾತ್ರೆ ಅತ್ತಲಿಂದಲೂ ಬರಬೇಕು. ಹಾಗೆ ಬರಲು ಅಲ್ಲೊಂದು ಒಲೆ ಬೇಕು.

ಇದಕ್ಕೆ ಎದುರಾಗಿ ಹೇಳುವ ಮಾತುಗಳು ಹಗುರವಲ್ಲ. ಹಿತ್ತಿಲ ಮನೆ ಎಷ್ಟೋ ಕಡೆ ಹಿರಿಯರನ್ನು ಕಣ್ಣಿಂದ ಮರೆಮಾಡುವ ಉಪಾಯವಾಗಿದೆ. ನೆಂಟರು ಬಂದಾಗ ಕೆಮ್ಮು ಕೇಳದಿರಲಿ ಎಂದು ಕಟ್ಟಿದ ಗೋಡೆಗಳನ್ನು ನಾನೂ ಕಂಡಿದ್ದೇನೆ. ಒಲೆ ಕೊಟ್ಟ ದಿನವೇ ಅನ್ನ ಕೊಡುವ ಹೊಣೆ ಕಳಚಿತು ಎಂದುಕೊಳ್ಳುವ ಮಕ್ಕಳೂ ಇದ್ದಾರೆ. ಪೋಷಕರ ನಿರ್ವಹಣೆಗೆ 2007ರಲ್ಲಿ ಕಾಯ್ದೆಯನ್ನೇ ತರಬೇಕಾಯಿತೆಂದರೆ ನೋವು ಎಷ್ಟು ವ್ಯಾಪಕವೆಂದು ತಿಳಿಯುತ್ತದೆ. ಆ ಕಾಯ್ದೆ ಮಕ್ಕಳು ಎನ್ನುವಾಗ ಮಗಳನ್ನೂ ಸೇರಿಸುತ್ತದೆ. ಅವಿಭಕ್ತ ಆಸ್ತಿಯಲ್ಲಿ ಮಗಳಿಗೆ ಸಮಪಾಲನ್ನು ಕರ್ನಾಟಕ 1994ರಲ್ಲೇ, ದೇಶ 2005ರಲ್ಲಿ ಕೊಟ್ಟಿತು. ಹಕ್ಕು ಬಂದ ಬಾಗಿಲಿನಿಂದಲೇ ಹೊಣೆಯೂ ಬರಬೇಕು. ನನ್ನ ಹಿತ್ತಿಲಲ್ಲಿ ನನ್ನ ಅಮ್ಮನಿಗೆ ಜಾಗವಿದೆಯೇ ಎಂಬ ಪ್ರಶ್ನೆಯನ್ನು ಇಂದು ಯಾವ ಅಳಿಯನೂ ವಿಚಿತ್ರ ಎನ್ನಬಾರದು.

ಹಾಗಾದರೆ ಮರೆಮಾಡುವ ಗೋಡೆಗೂ ಗೌರವಿಸುವ ಗೋಡೆಗೂ ವ್ಯತ್ಯಾಸ ತಿಳಿಯುವುದು ಹೇಗೆ? ನನಗೆ ಮೂರು ಗುರುತುಗಳು ಕಾಣುತ್ತವೆ. ನಕ್ಷೆಯ ಮೇಲೆ ಮೊದಲು ಬೆರಳಿಟ್ಟವರು ಅಲ್ಲಿ ಇರುವವರೇ ಆಗಿರಬೇಕು. ಚಿಲಕ ಅವರ ಕೈಯಲ್ಲಿರಬೇಕು. ರಾತ್ರಿ ಬಿದ್ದರೆ ಓಡಿಬರಲು ಇನ್ನೊಂದು ಕೀಲಿ ನಮ್ಮ ಹತ್ತಿರವಿರಲಿ, ಅವರ ಮಂಚದ ಪಕ್ಕ ಒಂದು ಬೆಲ್ಲು ಇರಲಿ, ಆದರೆ ಬಾಗಿಲು ತಟ್ಟದೆ ಒಳಗೆ ಕಾಲಿಡಬಾರದು. ಮತ್ತು ಒಲೆ ಇದ್ದರೂ ನಮ್ಮ ಪಂಕ್ತಿಯಲ್ಲಿ ಅವರ ತಟ್ಟೆ ದಿನವೂ ಇರಬೇಕು. ಇಂದು ಅಲ್ಲೇ ಉಣ್ಣುತ್ತೇನೆ ಎಂದರೆ ಅದು ಅವರ ಇಷ್ಟ, ಬನ್ನಿ ಎನ್ನುವುದು ತಪ್ಪಿದರೆ ನಮ್ಮ ತಪ್ಪು.

ಕೈ ನಡುಗುವ ಕಾಲ ಬಂದರೆ? ಗ್ಯಾಸ್ ಹಚ್ಚಿ ಮರೆಯುವ ದಿನ ಬಂದರೆ? ಬರಬಹುದು. ಅಂದು ಸಿಲಿಂಡರ್ ತೆಗೆದು ಇಂಡಕ್ಷನ್ ಇಡಬೇಕು, ಅದೂ ಆಗದಿದ್ದರೆ ಒಲೆ ಆರಿಸಬೇಕು. ಮುಂದೊಂದು ದಿನ ಆರಿಸಬೇಕಾದೀತೆಂದು ಇಂದೇ ಹೊತ್ತಿಸದಿರುವುದು, ಸಾಯುವವರೆಗೂ ಇರುವ ಬದುಕಿಗೆ ಮುಂಚಿತವಾಗಿ ತೆರೆ ಎಳೆದಂತೆ. ಹಣದ ಲೆಕ್ಕವೂ ಇದೆ. ಅದೇ 300 ಚದರಡಿ ಬಾಡಿಗೆಗೆ ಕೊಟ್ಟರೆ ತಿಂಗಳಿಗೊಂದು ಮೊತ್ತ ಬರುತ್ತದೆ, ಕಟ್ಟಿದರೆ ಸಾಲ ತೀರಿಸಬೇಕು. ಆ ನಷ್ಟವನ್ನು ನಾವು ನೋಡಿದ್ದೇವೆ, ಒಪ್ಪಿದ್ದೇವೆ.

ಹೋದ ವಾರ ನಕ್ಷೆ ಮತ್ತೆ ಬಂತು. ಬಾಗಿಲು ಗಾಲಿಕುರ್ಚಿ ಹಿಡಿಯುವಂತೆ ಮೂರಡಿ ಅಗಲ, ಬಚ್ಚಲಿನಲ್ಲಿ ಹಿಡಿಕೆ, ಕಿಟಕಿಯ ಕೆಳಗೆ ಎರಡು ಬರ್ನರಿನ ಒಲೆಕಟ್ಟೆ. ಫೋನಿನಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಅಮ್ಮ ಒಲೆಕಟ್ಟೆ ಎಷ್ಟು ಎತ್ತರ ಎಂದು ಕೇಳಿದಳು, ಎರಡು ಇಂಚು ತಗ್ಗಿಸಲು ಹೇಳಿದಳು. ಆಮೇಲೆ ಬಾಗಿಲ ಹೊರಗೆ ಏನಿದೆ ಎಂದಳು. ಏನೂ ಇಲ್ಲ, ಹಿತ್ತಿಲು ಎಂದೆ.

"ಹಾಗಾದ್ರೆ ಅಲ್ಲೊಂದು ಜಗಲಿ ಮಾಡ್ಸು," ಎಂದಳು. "ಬಂದವರು ಕೂರಬೇಕಲ್ಲ."