ಪರಮಪ್ರಸಾದದ ರೊಟ್ಟಿಯಲ್ಲಿ ಎಷ್ಟು ಗ್ಲುಟೆನ್?

ಕಥೋಲಿಕ ಬಲಿಪೂಜೆಯಲ್ಲಿ ಅರ್ಪಿಸುವ ರೊಟ್ಟಿ ಬರೀ ಗೋಧಿಯದ್ದೇ ಆಗಿರಬೇಕು ಎನ್ನುತ್ತದೆ ಧರ್ಮಸಭೆಯ ಕಾನೂನು ಸಂಹಿತೆಯ 924ನೇ ವಿಧಿ. ಸೀಲಿಯಾಕ್ ಕಾಯಿಲೆ ಇರುವವರು ಗೋಧಿ ತಿಂದರೆ ಅದರಲ್ಲಿರುವ ಪ್ರೋಟೀನ್ ಆದ ಗ್ಲುಟೆನ್‌ನಿಂದಾಗಿ ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ. ಹೀಗಾಗಿ ವೈದ್ಯರು ಹೆಚ್ಚಾಗಬಾರದು ಎನ್ನುವ ವಸ್ತುವನ್ನೇ ಧರ್ಮಸಭೆ ಪೂರ್ತಿ ಇಲ್ಲದಿರಬಾರದು ಎನ್ನುತ್ತದೆ.

ಪೂಜೆಯಲ್ಲಿ ಪವಿತ್ರೀಕರಿಸಿದ ರೊಟ್ಟಿ ಕ್ರಿಸ್ತನ ಶರೀರವೇ ಆಗುತ್ತದೆಂಬುದು ಕಥೋಲಿಕರ ನಂಬಿಕೆ; ಹಾಗಾದ ಮೇಲೆ ಅದರಲ್ಲಿ ಗ್ಲುಟೆನ್ ಎಲ್ಲಿ ಉಳಿಯಿತು ಎಂದು ಕೇಳುವವರಿದ್ದಾರೆ. ಈ ಕಾಯಿಲೆಗೂ ಗೋಧಿಗೂ ಇರುವ ನಂಟು ವೈದ್ಯರಿಗೆ ಖಚಿತವಾಗಿದ್ದು 20ನೇ ಶತಮಾನದಲ್ಲಿ. ಆದರೆ ಪ್ರಶ್ನೆಗೆ ಬೇಕಾದ ಉತ್ತರ 13ನೇ ಶತಮಾನದಲ್ಲೇ ಸಿದ್ಧವಾಗಿತ್ತು. ಬದಲಾಗುವುದು ಮೂಲತತ್ತ್ವ ಮಾತ್ರ. ಬಣ್ಣ, ರುಚಿ, ತೂಕದಂಥ ಗುಣಗಳು ಇದ್ದಂತೆಯೇ ಇರುತ್ತವೆ ಎಂದು ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ವಾದಿಸಿದ. ಪವಿತ್ರೀಕರಿಸಿದ ದ್ರಾಕ್ಷಾರಸವನ್ನೂ ಮಿತಿಮೀರಿ ಕುಡಿದರೆ ಅಮಲೇರುತ್ತದೆಂದು ಅವನು ಒಪ್ಪಿಕೊಂಡಿದ್ದ. ಅಮಲೇರಿಸುವ ಗುಣ ಉಳಿಯುವುದಾದರೆ ಕರುಳನ್ನು ಕೆಡಿಸುವ ಗುಣವೂ ಉಳಿಯಲೇಬೇಕು. ಪ್ರಸಾದ ಸ್ವೀಕರಿಸಿ ಕಾಯಿಲೆ ಮರುಕಳಿಸಿದರೆ ಅದನ್ನು ಭಕ್ತಿಯ ಕೊರತೆ ಎನ್ನಲು ಸಿದ್ಧಾಂತದಲ್ಲೇ ಜಾಗವಿಲ್ಲ.

ಇನ್ನು ಲೆಕ್ಕದ ಮಾತು. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಗ್ಲುಟೆನ್‌ರಹಿತ ಎನಿಸಿಕೊಳ್ಳಲು ಆಹಾರದ ಪ್ರತಿ ಕಿಲೋದಲ್ಲಿ ಗ್ಲುಟೆನ್ 20 ಮಿಲಿಗ್ರಾಂ ಮೀರಬಾರದು. ದಿನಕ್ಕೆ 50 ಮಿಲಿಗ್ರಾಂನಂತೆ ಮೂರು ತಿಂಗಳು ಸೇವಿಸಿದರೆ ಕರುಳಿಗೆ ಹಾನಿಯಾಗುತ್ತದೆಂದು 2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದು ತೋರಿಸಿತು. ದಿನಕ್ಕೆ 10 ಮಿಲಿಗ್ರಾಂ ಒಳಗಿದ್ದರೆ ಹೆಚ್ಚಿನವರಿಗೆ ತೊಂದರೆಯಿಲ್ಲ ಎಂಬುದು ವೈದ್ಯರ ಸಾಮಾನ್ಯ ಅಂದಾಜು. ಅಮೆರಿಕದ ಮಿಸೌರಿ ರಾಜ್ಯದ ಕ್ಲೈಡ್‌ನಲ್ಲಿ ಬೆನೆಡಿಕ್ಟೈನ್ ಸನ್ಯಾಸಿನಿಯರು ತಯಾರಿಸಿದ ಗೋಧಿ ಪಿಷ್ಟದ ರೊಟ್ಟಿಯಲ್ಲಿ ಗ್ಲುಟೆನ್ ಇರುವುದು ಶೇ. 0.01ರಷ್ಟು, ಅಂದರೆ ಕಿಲೋಗೆ 100 ಮಿಲಿಗ್ರಾಂ. ಗ್ಲುಟೆನ್‌ರಹಿತ ಎಂಬ ಚೀಟಿ ಅದಕ್ಕೆ ಸಲ್ಲದು. ಆದರೆ ಆ ತೆಳುಬಿಲ್ಲೆ ಕಾಲು ಗ್ರಾಂ ತೂಗುತ್ತದೆಂದುಕೊಂಡರೆ ನಾಲ್ಕು ನೂರು ಬಿಲ್ಲೆ ತಿಂದಾಗಲಷ್ಟೇ 10 ಮಿಲಿಗ್ರಾಂ ತಲುಪುತ್ತದೆ.

ವ್ಯಾಟಿಕನ್ ಮಾತ್ರ ಸಂಖ್ಯೆಯ ಗೋಜಿಗೆ ಹೋಗಲಿಲ್ಲ. ಗ್ಲುಟೆನ್ ಪೂರ್ತಿ ತೆಗೆದ ರೊಟ್ಟಿ ಸಿಂಧುವಲ್ಲ. ಬೇರೆ ವಸ್ತು ಬೆರೆಸದೆ ರೊಟ್ಟಿ ಕೂಡಿಬರುವಷ್ಟು ಗ್ಲುಟೆನ್ ಇದ್ದರೆ ಸಾಕು ಎಂದಿತು 2003ರ ಸುತ್ತೋಲೆ. 2017ರಲ್ಲಿ ಅದನ್ನೇ ಮತ್ತೆ ಹೇಳಲಾಯಿತು. ಇದು ಜಾಣ ನಡೆ ಎನ್ನಬೇಕು: ಪ್ರಮಾಣವನ್ನು ಪ್ರಯೋಗಾಲಯಕ್ಕೆ ಬಿಟ್ಟು, ಅದು ಗೋಧಿಯ ರೊಟ್ಟಿಯೇ ಹೌದೇ ಎಂಬ ಪ್ರಶ್ನೆಯನ್ನಷ್ಟೇ ಧರ್ಮಸಭೆ ತನ್ನಲ್ಲಿಟ್ಟುಕೊಂಡಿತು. ಅಕ್ಕಿಯ ರೊಟ್ಟಿಗೆ ಅಲ್ಲಿ ಅವಕಾಶವಿಲ್ಲ. ಹಲವು ಪ್ರೊಟೆಸ್ಟಂಟ್ ಸಭೆಗಳಿಗೆ ಅಕ್ಕಿಯಾದರೂ ಅಡ್ಡಿಯಿಲ್ಲ.

ಕಡಿಮೆ ಗ್ಲುಟೆನ್ ರೊಟ್ಟಿಯನ್ನೂ ಸಹಿಸದ ಕಥೋಲಿಕರು ದ್ರಾಕ್ಷಾರಸವನ್ನಷ್ಟೇ ಸ್ವೀಕರಿಸಬಹುದು. ರೊಟ್ಟಿ, ದ್ರಾಕ್ಷಾರಸ ಎರಡರಲ್ಲಿ ಯಾವುದೊಂದರಲ್ಲೂ ಕ್ರಿಸ್ತ ಪೂರ್ಣವಾಗಿಯೇ ಇದ್ದಾನೆಂಬ ಬೋಧೆ ಇದಕ್ಕೆ ಆಧಾರ. 1415ರ ಕಾನ್‌ಸ್ಟನ್ಸ್ ಮಹಾಸಭೆ ಜನಸಾಮಾನ್ಯರಿಗೆ ರೊಟ್ಟಿಯೊಂದೇ ಸಾಕೆಂದು ವಿಧಿಸಿದ್ದೂ ಇದೇ ತರ್ಕದ ಮೇಲೆ; ಈಗ ಅದು ತಿರುವುಮುರುವಾಗಿ ರೋಗಿಗಳ ನೆರವಿಗೆ ಬಂದಿದೆ. ಆದರೂ ಪೂಜೆಯ ನಡುವೆ ಗುರು ರೊಟ್ಟಿಯ ಚೂರೊಂದನ್ನು ದ್ರಾಕ್ಷಾರಸದ ಪಾತ್ರೆಗೆ ಹಾಕುವುದರಿಂದ ಇಂಥವರಿಗೆ ಬೇರೆಯೇ ಪಾತ್ರೆ ಇಡಬೇಕು. ಗುರುಗಳಿಗೆ ಕಟ್ಟುಪಾಡು ಬಿಗಿ. ಸೀಲಿಯಾಕ್ ಇರುವವರಿಗೆ ಗುರುದೀಕ್ಷೆಯೇ ಇಲ್ಲವೆಂದು ವ್ಯಾಟಿಕನ್ನಿನ 1995ರ ಪತ್ರ ಹೇಳಿತ್ತು. 2003ರಲ್ಲಿ ಅದು ಬಹಳ ಎಚ್ಚರದಿಂದ ನಿರ್ಧರಿಸಬೇಕು ಎಂಬಷ್ಟಕ್ಕೆ ಸಡಿಲವಾಯಿತು. ಕಡಿಮೆ ಗ್ಲುಟೆನ್ ರೊಟ್ಟಿಯನ್ನೂ ತಿನ್ನಲಾಗದ ಗುರು ಇತರ ಗುರುಗಳೊಡನೆ ಬಲಿಪೂಜೆಯಲ್ಲಿ ಸೇರಬಹುದು, ಒಬ್ಬನೇ ಅರ್ಪಿಸುವಂತಿಲ್ಲ.