ಹಿಮದಲ್ಲಿ ಬಿಟ್ಟ ಊರುಗೋಲು



ಕಿಣತ್ತುಕಡವಿನಲ್ಲಿ ಹಿಮ ಬೀಳುವುದಿಲ್ಲ. ಆದರೂ ಕ್ರಿಸ್ಮಸ್ ಬಂದರೆ ನಾವು ಗೋದಲಿಯ ಮೇಲೆ ಹತ್ತಿಯನ್ನು ಹರಡಿ ಹಿಮ ಮಾಡುತ್ತೇವೆ. ಈ ಆಗಮನ ಕಾಲದಲ್ಲಿ ಹಿಮದ ಒಂದು ಚಿತ್ರವನ್ನು ಧ್ಯಾನಿಸೋಣ.

ಜರ್ಮನಿಯ ಕಲಾವಿದ ಕಾಸ್ಪರ್ ಡೇವಿಡ್ ಫ್ರೀಡ್ರಿಖ್ 1811ರಲ್ಲಿ ಬಿಡಿಸಿದ ‘ಚಳಿಗಾಲದ ಭೂದೃಶ್ಯ’ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಒಂದೂವರೆ ಅಡಿ ಅಗಲವೂ ಇಲ್ಲದ ಚಿತ್ರ. ಊರುಗೋಲುಗಳು ಹಿಮದಲ್ಲಿ ಬಿದ್ದಿವೆ. ಅವುಗಳನ್ನು ಬಿಟ್ಟವನು ಬಂಡೆಗೆ ಒರಗಿ, ಹಸಿರು ಮರಗಳ ನಡುವಿನ ಶಿಲುಬೆಯತ್ತ ಕೈಮುಗಿದಿದ್ದಾನೆ. ದೂರದ ಮಂಜಿನಲ್ಲಿ ದೇವಾಲಯದ ಗೋಪುರಗಳು ಕಾಣುತ್ತವೆ. ಇದರ ಜೋಡಿ ಚಿತ್ರದಲ್ಲಿ ಒಬ್ಬನು ಊರುಗೋಲು ಹಿಡಿದು ಒಣ ಮರಗಳ ನಡುವೆ ನಿಂತಿದ್ದಾನೆ, ಅಲ್ಲಿ ಶಿಲುಬೆಯಿಲ್ಲ.

ಗಮನಿಸಿ: ಪ್ರಾರ್ಥಿಸುವವನು ಇನ್ನೂ ಎದ್ದು ನಿಂತಿಲ್ಲ, ದೇವಾಲಯವನ್ನೂ ತಲುಪಿಲ್ಲ. ಅವನು ಕುಸಿದು ಕುಳಿತ ಕಡೆಯಲ್ಲೇ ಪ್ರಭು ಅವನಿಗೆ ಸಿಕ್ಕಿದ್ದಾರೆ.

ನಮ್ಮ ನಡುವೆಯೂ ದೇವಾಲಯದವರೆಗೆ ಬರಲಾಗದ ಅಜ್ಜ ಅಜ್ಜಿಯರಿದ್ದಾರೆ. ವರ್ಷಗಟ್ಟಲೆ ತಮಿಳು ಪೂಜೆಯಲ್ಲಿ ಭಕ್ತಿಯಿಂದ ಪಾಲ್ಗೊಂಡವರು. ಆದರೆ ನೋವು ಬಂದಾಗ ಅವರ ಬಾಯಿಗೆ ಬರುವುದು ಕನ್ನಡದ ಪ್ರಾರ್ಥನೆಯೇ. ಪ್ರಭು ಅವರ ಹಾಸಿಗೆಯ ಬಳಿಯಲ್ಲೇ ಇದ್ದಾರೆ. ನಾವು ಎಲ್ಲಿದ್ದೇವೆ?

ಯುವಜನರೇ, ಈ ವರ್ಷ ಗೋದಲಿಗೆ ಹತ್ತಿ ಹರಡುವ ಮೊದಲು ಅಂಥ ಒಂದು ಮನೆಗೆ ಹೋಗೋಣ. ಅವರೊಡನೆ ಕುಳಿತು ಕನ್ನಡದಲ್ಲೇ ಜಪಮಾಲೆ ಪ್ರಾರ್ಥಿಸೋಣ.

ಪ್ರಭುವೇ, ನಡೆಯಲಾರದವರ ಬಳಿಗೆ ನಮ್ಮನ್ನು ನಡೆಸಿರಿ. ಆಮೆನ್.